ಉಬ್ಬಿದ ಅಂಕಿ, ಒತ್ತಿದ ಅಂಕಿ

ಹಳೆಯ ಕಾರಿನ ಇಂಜಿನ್ನಿನ ಮೈಮೇಲೆ ಕಾಣುವ ಅಂಕಿಗಳಲ್ಲಿ ಎರಡು ಬಗೆ. ಒಂದು ಉಬ್ಬಿದ್ದು, ಇನ್ನೊಂದು ಒತ್ತಿದ್ದು. ಉಬ್ಬಿದ ಅಂಕಿ ಎರಕದ ಪ್ಯಾಟರ್ನಿನಲ್ಲಿಯೇ, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿಯಲ್ಲಿಯೇ, ಇರುವಂಥದು; ಕರಗಿದ ಕಬ್ಬಿಣ ಮರಳಿನ ಅಚ್ಚಿಗೆ ಇಳಿದ ಗಳಿಗೆಯಲ್ಲಿ ಅದು ಬ್ಲಾಕಿನ, ಅಂದರೆ ಸಿಲಿಂಡರುಗಳಿರುವ ಮುಖ್ಯ ಎರಕದ, ಜೊತೆಗೇ ಹುಟ್ಟುತ್ತದೆ. ಒತ್ತಿದ ಅಂಕಿ ಬರುವುದು ತಡವಾಗಿ. ಬ್ಲಾಕು ಬೋರಿಂಗ್, ಮಿಲ್ಲಿಂಗ್ ಎಲ್ಲವನ್ನೂ ದಾಟಿ ಇಂಜಿನ್ ಎನಿಸಿಕೊಂಡ ಮೇಲೆ, ನುಣ್ಣಗೆ ಮಾಡಿದ ಒಂದು ಪುಟ್ಟ ಜಾಗದ ಮೇಲೆ ಪಂಚು ಇಟ್ಟು ಸುತ್ತಿಗೆಯಿಂದ ಹೊಡೆದದ್ದು ಅದು. ನೋಂದಣಿ ಪುಸ್ತಕದಲ್ಲಿ ಬರೆಯುವುದು ಈ ಎರಡನೆಯದನ್ನು, ಕೊಳ್ಳುವವರು ಮೊದಲು ಕೇಳುವುದೂ ಇದನ್ನೇ. ಆದರೆ ಗುರುತು ಹಿಡಿಯುವ ಕೆಲಸದಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಮೊದಲನೆಯದಕ್ಕೆ. ಅರ ಹಿಡಿದ ಯಾರಾದರೂ ಒತ್ತಿದ ಅಂಕಿಯನ್ನು ಸವೆಸಿ ಅಲ್ಲಿ ಬೇರೊಂದನ್ನು ಹೊಡೆಯಬಹುದು. ಉಬ್ಬಿದ್ದನ್ನು ಕೆತ್ತಿ ತೆಗೆಯಬಹುದೇ ಹೊರತು ಅಲ್ಲಿ ಹೊಸದನ್ನು ಉಬ್ಬಿಸುವುದು ಸುಲಭದ ಮಾತಲ್ಲ.

ಇದನ್ನು ಬರೆಯಲು ಕಾರಣವಾದದ್ದು ಮಹಾಲಿಂಗಪುರದ ಹತ್ತಿರ, ಕಬ್ಬಿನ ಹೊಲದ ಅಂಚಿನ ಗಾಣದ ಮನೆಯೊಂದರಲ್ಲಿದ್ದ ಆರು ಸಿಲಿಂಡರಿನ ಇಂಜಿನ್. ಕರೆಂಟಿನ ಮೋಟಾರು ಬರುವವರೆಗೆ ಕಬ್ಬು ಹಿಂಡುತ್ತಿದ್ದ ಅದನ್ನು ಆಮೇಲೆ ಗೋಡೆಗೆ ಸರಿಸಿದ್ದರು, ಮೇಲೆ ಬೆಲ್ಲದ ಮಸಿ, ಎಣ್ಣೆ, ಧೂಳು ಸೇರಿ ಒಂದು ಗಟ್ಟಿ ಚರ್ಮವೇ ಬೆಳೆದಿತ್ತು. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಜಮಖಂಡಿಯ ಕಡೆಯಿಂದ ಹರಾಜಿನಲ್ಲಿ ಬಂದ ಕಾರಿನ ಇಂಜಿನ್ ಇದು ಎಂದು ಮನೆಯ ಹಿರಿಯರು ನಂಬಿದ್ದರು. ಮೊಮ್ಮಗನಿಗೆ ಅದನ್ನು ಮಾರುವ ಮನಸ್ಸು. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿ ಹೋಗಿದ್ದ. ಕೊಲ್ಹಾಪುರದ ಹವ್ಯಾಸಿಯೊಬ್ಬರು, 1934ರ ಶೆವರ್ಲೆ ಮಾಸ್ಟರ್ ಕಾರನ್ನು ಮತ್ತೆ ಕಟ್ಟುತ್ತಿರುವವರು, ಇದು ತಮ್ಮ ಕಾರಿಗೆ ಹೊಂದುವಂಥದೇ ಎಂದು ತಿಳಿಯದೆ ಬೆಲೆ ಹೇಳುವುದಿಲ್ಲ ಎಂದಿದ್ದರು.

ಇಂಥ ಕಡೆ ನಂಬರು ಹುಡುಕಲು ಹೊರಡುವ ಮೊದಲು ಇಂಜಿನ್ನಿನ ಆಕಾರವನ್ನು ನೋಡಬೇಕು. ಮೊದಲ ಪ್ರಶ್ನೆ, ವಾಲ್ವುಗಳು ಎಲ್ಲಿವೆ? ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ಡು ಚಪ್ಪಟೆಯಾಗಿ, ಮೇಲೆ ಬರೀ ಪ್ಲಗ್ಗುಗಳು ಕಂಡರೆ ಅದು ಸೈಡ್ ವಾಲ್ವ್, ಅಂದರೆ ವಾಲ್ವುಗಳು ಬ್ಲಾಕಿನಲ್ಲೇ ಸಿಲಿಂಡರಿನ ಪಕ್ಕಕ್ಕೆ. ಫೋರ್ಡ್ ಮಾಡೆಲ್ ಎ ಅಂಥದು: ನಾಲ್ಕು ಸಿಲಿಂಡರು, ಅವುಗಳ ಒಟ್ಟು ಗಾತ್ರ 200.5 ಘನ ಇಂಚು, ಪೆಟ್ರೋಲ್ ಪಂಪಿಗೆ ಜಾಗವೇ ಇಲ್ಲ, ಏಕೆಂದರೆ ಟ್ಯಾಂಕು ಡ್ಯಾಶ್‌ಬೋರ್ಡಿನ ಮುಂದೆ ಎತ್ತರದಲ್ಲಿದ್ದು ಪೆಟ್ರೋಲು ತನ್ನ ಭಾರದಿಂದಲೇ ಇಳಿಯುತ್ತಿತ್ತು. ಅದರ ನಂಬರು ಎಡಬದಿಯಲ್ಲಿ, ನೀರು ಒಳಹೋಗುವ ಬಾಯಿಯ ಮೇಲೆ, ಎರಡೂ ತುದಿಗೆ ನಕ್ಷತ್ರದ ಗುರುತಿನೊಂದಿಗೆ ಇರುತ್ತದೆ. ಅದನ್ನೇ ಹೋಲುವ ಬ್ಲಾಕಿನ ಮೇಲೆ ಪೆಟ್ರೋಲ್ ಪಂಪು ಕೂರಿಸುವ ಜಾಗ ಕಂಡರೆ 1932ರ ನಂತರದ ಮಾಡೆಲ್ ಬಿ ಇರಬೇಕು. ಪ್ಲಿಮತ್, ಡಾಜ್‌ಗಳ ಆರು ಸಿಲಿಂಡರಿನ ಇಂಜಿನ್ನುಗಳೂ ಸೈಡ್ ವಾಲ್ವ್. ಅವುಗಳ ನಂಬರು ಎಡಬದಿಯ ಮುಂಭಾಗದಲ್ಲಿ, ಹೆಡ್ಡಿನ ಕೆಳಗೇ ಸಿಗುತ್ತದೆ. ಇವುಗಳಲ್ಲಿ ಹೆಡ್ಡಿನ ಉದ್ದಕ್ಕೆ ಟೇಪು ಹಿಡಿದರೆ ಒಂದು ವಿಂಗಡಣೆ ಮುಗಿದಂತೆ: ಅಮೆರಿಕದ ಪ್ಲಿಮತ್, ಡಾಜ್ ಸುಮಾರು 23 ಇಂಚು, ಕ್ರೈಸ್ಲರ್, ಡಿಸೋಟೊ ಸುಮಾರು 25 ಇಂಚು. ನಮ್ಮ ಕಡೆ ಪ್ರತಿ ಊರಿಗೂ ಒಂದಿದ್ದ ಜೀಪಿನದು ಇನ್ನೊಂದು ವಿಚಿತ್ರ. ಯುದ್ಧಕಾಲದ ವಿಲ್ಲಿಸ್ ಜೀಪು ಪೂರ್ತಿ ಸೈಡ್ ವಾಲ್ವ್. ನಂತರ ಬಂದ ಹರಿಕೇನ್ ಇಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವು ಮೇಲೆ, ಎಗ್ಝಾಸ್ಟ್ ವಾಲ್ವು ಮಾತ್ರ ಕೆಳಗೆ ಬ್ಲಾಕಿನಲ್ಲಿ.

ಗಾಣದ ಮನೆಯ ಇಂಜಿನ್ನಿಗೆ ಮೇಲೆ ತಗಡಿನ ಉದ್ದನೆಯ ಮುಚ್ಚಳವಿತ್ತು, ಅದರ ನಡುನೆತ್ತಿಯ ಮೇಲೆ ಎರಡು ನಟ್ಟುಗಳು. ಬಲಬದಿಯಲ್ಲಿ, ಮೇಲಿನ ವಾಲ್ವುಗಳನ್ನು ಆಡಿಸುವ ಪುಶ್ ರಾಡುಗಳನ್ನು ಮುಚ್ಚುವ ತಗಡು ಹೆಡ್ಡಿನ ಎತ್ತರಕ್ಕೂ ಏರಿತ್ತು. ಡಿಸ್ಟ್ರಿಬ್ಯೂಟರ್, ಪ್ಲಗ್ಗು, ಸೆಲ್ಫ್ ಕೂರುವ ಜಾಗ ಎಲ್ಲವೂ ಬಲಕ್ಕೆ, ಮ್ಯಾನಿಫೋಲ್ಡು ಎಡಕ್ಕೆ. ಆ ಕಾಲದ ಅಗ್ಗದ ಅಮೆರಿಕನ್ ಕಾರುಗಳಲ್ಲಿ ಮೇಲೆ ವಾಲ್ವು ಇಟ್ಟು ಆರು ಸಿಲಿಂಡರು ಕೊಟ್ಟದ್ದು ಶೆವರ್ಲೆ, 1929ರಿಂದ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಸೇವರಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆದದ್ದರಿಂದ ಆ ಪ್ರಾಂತದ ಭಾಗವೇ ಆಗಿದ್ದ ಬೆಳಗಾವಿ, ವಿಜಾಪುರ ಜಿಲ್ಲೆಗಳಿಗೆ ಶೆವರ್ಲೆ ಕಾರು, ಲಾರಿಗಳು ಧಾರಾಳವಾಗಿ ಬಂದವು. ಹೀಗಾಗಿ ಹೆಸರು ಹೇಳುವುದಕ್ಕೆ ಅಂಕಿಯ ಹಂಗೇ ಬೇಕಾಗಲಿಲ್ಲ.

ಹೆಸರು ಅನುಮಾನವಿದ್ದರೆ ಪಾನಾ ಕೂಡ ಸಾಕ್ಷಿ ಹೇಳುತ್ತದೆ. ಅಮೆರಿಕನ್ ಇಂಜಿನ್ನಿನ ಬೋಲ್ಟಿಗೆ ಅರ್ಧ ಇಂಚು, ಒಂಬತ್ತು ಬೈ ಹದಿನಾರು ಇಂಚಿನ ಪಾನಾಗಳು ಗಟ್ಟಿಯಾಗಿ ಕೂರುತ್ತವೆ, ಬ್ರಿಟಿಷ್ ಇಂಜಿನ್ನಿಗೆ ವಿಟ್‌ವರ್ತ್ ಪಾನಾ ಬೇಕು, ಫಿಯೆಟ್ಟಿಗೆ ಮಿಲಿಮೀಟರಿನದು. ಮೋರಿಸ್ ಮಾತ್ರ ಮಿಸ್ತ್ರಿಗಳ ತಲೆ ತಿನ್ನಲೆಂದೇ ಹುಟ್ಟಿದಂತಿದೆ. ಮೋರಿಸ್ 1923ರಲ್ಲಿ ಕೊಂಡ ಕೊವೆಂಟ್ರಿಯ ಹಾಚ್‌ಕಿಸ್ ಇಂಜಿನ್ ಕಾರ್ಖಾನೆ ಮೂಲತಃ ಫ್ರೆಂಚರದು, ಅಲ್ಲಿನ ಯಂತ್ರಗಳು ಮೆಟ್ರಿಕ್. ಆದ್ದರಿಂದ ಬೋಲ್ಟಿನ ಆಟೆ ಮೆಟ್ರಿಕ್ ಆಗಿಯೇ ಉಳಿಯಿತು, ಇಂಗ್ಲೆಂಡಿನ ಗ್ಯಾರೇಜುಗಳಲ್ಲಿದ್ದ ಪಾನಾ ಹೊಂದಲಿ ಎಂದು ತಲೆಯನ್ನು ಮಾತ್ರ ವಿಟ್‌ವರ್ತ್ ಅಳತೆಗೆ ಮಾಡಿದರು. ಹಳೆಯ ಇಂಜಿನ್ನೊಂದರಲ್ಲಿ ಈ ಬೆರಕೆ ಸಿಕ್ಕರೆ ಮೋರಿಸ್ ಬಳಗದ್ದು ಎಂದು ಧೈರ್ಯವಾಗಿ ಹೇಳಬಹುದು.

ಬೋಲ್ಟು ಹಾಕಿ ಕೂರಿಸಿದ ಸಾಮಾನುಗಳನ್ನು ಮಾತ್ರ ನಾನು ಅಷ್ಟಾಗಿ ನಂಬುವುದಿಲ್ಲ. ಈ ಇಂಜಿನ್ನಿನ ಮೇಲೆ ಇದ್ದ ಕಾರ್ಬುರೇಟರ್ ಸೋಲೆಕ್ಸ್, ಡೈನಮೊ ಲೂಕಾಸ್. ಎರಡೂ ಶೆವರ್ಲೆಯ ಮೂಲ ಸಾಮಾನುಗಳಲ್ಲ. ಅಲ್ಲಿ ಇರಬೇಕಾದದ್ದು ಕಾರ್ಟರ್ ಕಾರ್ಬುರೇಟರು, ಡೆಲ್ಕೊ-ರೆಮಿ ಡೈನಮೊ. ಲೂಕಾಸಿನವರು ತಮ್ಮ ಸಾಮಾನಿನ ಮೈಮೇಲೆ ತಿಂಗಳು ಮತ್ತು ವರ್ಷವನ್ನು ಒತ್ತುತ್ತಿದ್ದರು. ಇದರ ಮೇಲೆ 7 54 ಎಂದಿತ್ತು, ಅಂದರೆ 1954ರ ಜುಲೈ. ಇದರಿಂದ ತಿಳಿಯುವುದು ಇಷ್ಟೇ: ಅದಾದ ಮೇಲೆ ಯಾವಾಗಲೋ ಯಾರೋ ಹಳೆಯ ಡೈನಮೊ ಕೆಟ್ಟಿತೆಂದು ಕೈಗೆ ಸಿಕ್ಕದ್ದನ್ನು ಪಟ್ಟಿ ಕಟ್ಟಿ ಕೂರಿಸಿದ್ದಾರೆ. ಮುಂಬಯಿಯಿಂದ ಬಿಡಿಭಾಗ ಬರುವುದರೊಳಗೆ ಕಬ್ಬು ಒಣಗುತ್ತದೆ, ಗಾಣ ನಿಲ್ಲುವಂತಿಲ್ಲ. ಬದಲಾದ ಸಾಮಾನುಗಳು ಇಂಜಿನ್ನಿನ ಬಾಳ್ವೆಯನ್ನು ಹೇಳುತ್ತವೆ, ಹುಟ್ಟನ್ನು ಹೇಳುವುದಿಲ್ಲ.

ಹುಟ್ಟಿನ ವಿಷಯಕ್ಕೆ ಬೆಳಗಾವಿಯ ಉದ್ಯಮಬಾಗದಿಂದ ಒಬ್ಬ ಪ್ಯಾಟರ್ನ್ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಪಂಪು, ಗೇರ್‌ಬಾಕ್ಸು, ಇಂಜಿನ್ ಬ್ಲಾಕುಗಳ ಎರಕಕ್ಕೆ ಹೆಸರಾದ ಆ ಕೈಗಾರಿಕಾ ವಸಾಹತುವಿನಲ್ಲಿ ಕೆಲಸ ಕಲಿತವರ ಕಣ್ಣೇ ಬೇರೆ. ನಾವು ಇಂಜಿನ್ ನೋಡಿದರೆ ಅವರು ಅದರ ಅಚ್ಚನ್ನು ನೋಡುತ್ತಾರೆ. ಎರಡು ಅರ್ಧಗಳು ಕೂಡಿದ ಗೆರೆ ಎಲ್ಲಿ, ಒಳಗಿನ ಕೋರಿನ ಮರಳು ಹೊರಬಂದ ತೂತು ಎಲ್ಲಿ, ಯಾವ ಭಾಗವನ್ನು ಆಮೇಲೆ ಮಷಿನ್ ಮಾಡಿದ್ದು, ಯಾವುದು ಎರಕದ ಒರಟು ಮೈ ಎಂದು ಬೆರಳಾಡಿಸಿಯೇ ಹೇಳುತ್ತಾರೆ. ಚಿಮಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮಸಿ ಬಿಡಿಸಿ, ತಂತಿ ಬ್ರಶ್ಶನ್ನು ಮೆಲ್ಲಗೆ ಆಡಿಸಿದಾಗ ಬ್ಲಾಕಿನ ಬದಿಯಲ್ಲಿ ಮೊದಲು ಪ್ಯಾಟರ್ನಿನ ದೊಡ್ಡ ಸಂಖ್ಯೆ ಕಂಡಿತು, ಅದರಿಂದ ಸ್ವಲ್ಪ ದೂರದಲ್ಲಿ ಸಣ್ಣದಾಗಿ, ತುಸು ಓರೆಯಾಗಿ ಮೂರು ಗುರುತು: ಕೆ, 12, 2. ಆ ಓರೆಯನ್ನೇ ಮಿಸ್ತ್ರಿ ತೋರಿಸಿದರು. “ಇದು ಪ್ಯಾಟರ್ನಿನಾಗ ಕಾಯಂ ಇರೂದಲ್ರೀ. ದಿನಾ ಬಿಚ್ಚಿ ಹಾಕೂ ತುಂಡು. ನೋಡ್ರಿ, ಸ್ಕ್ರೂ ತಲಿ ಅಚ್ಚ ಮೂಡೇತಿ.” ನಿಜ, ಅಂಕಿಗಳ ಎರಡೂ ಬದಿಗೆ ಜೋಳದ ಕಾಳಿಗಿಂತ ಚಿಕ್ಕದಾದ ಎರಡು ದುಂಡು ಗುರುತುಗಳಿದ್ದವು, ಒಂದರ ನಡುವೆ ಸ್ಕ್ರೂಡ್ರೈವರ್ ಕೂರುವ ಗೀರು ಕೂಡ ಸ್ಪಷ್ಟವಾಗಿತ್ತು. ಬೆಳಿಗ್ಗೆ ಕೆಲಸಕ್ಕೆ ಬಂದ ಯಾರೋ ನಿನ್ನೆಯ ತುಂಡನ್ನು ಬಿಚ್ಚಿ ಇಂದಿನದನ್ನು ಅವಸರದಲ್ಲಿ ಬಿಗಿದಿದ್ದಾರೆ, ಅದು ಓರೆಯಾಗಿದೆ.

ಶೆವರ್ಲೆಯ ಎರಕದ ದಿನಾಂಕವನ್ನು ಓದುವ ರೀತಿ ಸರಳ. ಮೊದಲ ಅಕ್ಷರ ತಿಂಗಳು: ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ, ಹೀಗೆ ಎಲ್‌ವರೆಗೆ. ಎರಡನೆಯದು ತಾರೀಖು. ಕೊನೆಯದು ವರ್ಷದ ಕೊನೆಯ ಅಂಕಿ, ಬರೀ ಒಂದೇ ಅಂಕಿ. ಕೆ ಹನ್ನೊಂದನೆಯ ಅಕ್ಷರವಾದ್ದರಿಂದ ಈ ಬ್ಲಾಕು ಎರಕವಾದದ್ದು ನವೆಂಬರ್ 12ರಂದು, ವರ್ಷ 2ರಿಂದ ಕೊನೆಗೊಳ್ಳುವಂಥದು. 1932 ಆಗಬಹುದು, 1942 ಆಗಬಹುದು, 1952 ಆಗಬಹುದು. ದಶಕವನ್ನು ಬರೆಯುವ ಅಗತ್ಯ ಆ ಕಾರ್ಖಾನೆಯವರಿಗೆ ಕಂಡಿರಲಿಕ್ಕಿಲ್ಲ, ತಾವು ಯಾವ ದಶಕದಲ್ಲಿದ್ದೇವೆ ಎಂದು ಅವರಿಗೆ ಗೊತ್ತಿತ್ತಲ್ಲ.

ದಶಕವನ್ನು ಹೇಳಬೇಕಾದದ್ದು ಒತ್ತಿದ ನಂಬರು. ಶೆವರ್ಲೆಯ ಆರು ಸಿಲಿಂಡರಿನಲ್ಲಿ ಅದಕ್ಕೆ ಜಾಗ ಬಲಬದಿಯಲ್ಲಿ, ಡಿಸ್ಟ್ರಿಬ್ಯೂಟರಿನ ಹಿಂದಿನ ಚಪ್ಪಟೆ ದಿಂಡು. ಯುದ್ಧಾನಂತರದ ಇಂಜಿನ್ನಾದರೆ ಮೊದಲ ಅಕ್ಷರದಿಂದಲೇ ವರ್ಷ ತಿಳಿಯುತ್ತದೆ: 1950ಕ್ಕೆ ಎಚ್, ಐ ಬಿಟ್ಟು 1951ಕ್ಕೆ ಜೆ, 1952ಕ್ಕೆ ಕೆ. ಆದರೆ ಇಲ್ಲಿನ ದಿಂಡಿನ ಮೇಲೆ ಅಕ್ಷರವೇ ಇಲ್ಲ, ಐದು ಅಂಕಿಗಳು ಮಾತ್ರ. ಟಾರ್ಚನ್ನು ನೇರಕ್ಕೆ ಹಿಡಿಯದೆ ಓರೆಯಾಗಿ, ದಿಂಡಿನ ಮಟ್ಟಕ್ಕೆ ಇಳಿಸಿ ಹಿಡಿದಾಗ ಅರದ ಗೆರೆಗಳು ಒಂದೇ ದಿಕ್ಕಿಗೆ ಓಡಿದ್ದು ಕಂಡಿತು. ಕಾರ್ಖಾನೆಯ ಮಷಿನ್ ಬಿಡುವ ಸಮನಾದ ಗೆರೆ ಅದಲ್ಲ. ಅಂಕಿಗಳ ಆಳವೂ ಒಂದೇ ತೆರನಾಗಿರಲಿಲ್ಲ. ಎರಡು ಕಡೆ ಬಂದಿದ್ದ 4ರಲ್ಲಿ ಒಂದರ ಮೂಲೆ ತೆರೆದಿತ್ತು, ಇನ್ನೊಂದರದು ಮುಚ್ಚಿತ್ತು, ಅಂದರೆ ಪಂಚುಗಳೂ ಒಂದೇ ಪೆಟ್ಟಿಗೆಯವಲ್ಲ. ಇದರ ಹಿಂದೆ ಕಳ್ಳತನವೇ ಇರಬೇಕೆಂದಿಲ್ಲ. ಇಂಜಿನ್ ಬದಲಾಯಿಸಿದಾಗ ಪುಸ್ತಕದಲ್ಲಿದ್ದ ಹಳೆಯ ನಂಬರನ್ನೇ ಹೊಸ ಇಂಜಿನ್ನಿನ ಮೇಲೆ ಹೊಡೆದು ಕಾಗದದ ತಾಪತ್ರಯ ತಪ್ಪಿಸಿಕೊಳ್ಳುವುದು ಒಂದು ಕಾಲದಲ್ಲಿ ಯಾರಿಗೂ ದೊಡ್ಡ ಅಪರಾಧ ಎನಿಸಿರಲಿಲ್ಲ. ಹಾಗಿದ್ದರೆ ಈ ಐದು ಅಂಕಿಗಳು ಇನ್ನಾವುದೋ ಇಂಜಿನ್ನಿನವು.

ನಂಬರು ಕೈಬಿಟ್ಟ ಮೇಲೆ ಉಳಿದದ್ದು ಅಳತೆ. ತಳದ ಎಣ್ಣೆ ತೊಟ್ಟಿಯಾದ ಸಂಪು ಬಿಚ್ಚಿದಾಗ, ಪಿಸ್ಟನ್ನುಗಳ ಏರಿಳಿತದಿಂದ ತಿರುಗುವ ಕ್ರ್ಯಾಂಕನ್ನು ಹಿಡಿದ ಮೇನ್ ಬೇರಿಂಗುಗಳು ನಾಲ್ಕು ಕಂಡವು. ಶೆವರ್ಲೆ 1929ರಿಂದ 1936ರವರೆಗೆ ಮೂರು ಬೇರಿಂಗು, 1937ರಿಂದ ನಾಲ್ಕು. ಅಲ್ಲಿಗೆ 1932 ಬಿದ್ದುಹೋಯಿತು, ಅದರೊಂದಿಗೆ ಕೊಲ್ಹಾಪುರದವರ 1934ರ ಕಾರಿನ ಆಸೆಯೂ ಹೋಯಿತು. ಕನೆಕ್ಟಿಂಗ್ ರಾಡುಗಳ ಬುಡದಲ್ಲಿ ಪುಟ್ಟ ಸೌಟಿನಂಥ ಡಿಪ್ಪರುಗಳಿದ್ದವು, ಸಂಪಿನಲ್ಲಿ ಅವು ಮುಳುಗಿ ಎಣ್ಣೆ ಎರಚಲು ಬೇಕಾದ ದೋಣಿಗಳಿದ್ದವು. ರಾಡಿನ ಬೇರಿಂಗಿನಲ್ಲಿ ಬದಲಾಯಿಸುವ ಚಿಪ್ಪುಗಳಿಲ್ಲ, ಬ್ಯಾಬಿಟ್ ಲೋಹವನ್ನು ನೇರವಾಗಿ ರಾಡಿಗೇ ಹುಯ್ದದ್ದು. ಇವೆಲ್ಲ 216 ಘನ ಇಂಚಿನ ಇಂಜಿನ್ನಿನ ಲಕ್ಷಣಗಳು. ತೊಡಕೇನೆಂದರೆ, 1941ರಿಂದ ಲಾರಿಗಳಿಗೆ ಹಾಕುತ್ತಿದ್ದ 235 ಘನ ಇಂಚಿನ ಇಂಜಿನ್ ಕೂಡ ಆ ಕಾಲದಲ್ಲಿ ಬಹುತೇಕ ಇದೇ ರೂಪದ್ದು. 216ರ ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, ಮೂರೂವರೆ ಇಂಚು, ಅಂದರೆ 88.9 ಮಿಲಿಮೀಟರ್. 235ರದು 3.5625 ಇಂಚು, 90.5 ಮಿಲಿಮೀಟರಿಗೆ ಕೂದಲೆಳೆ ಕಡಿಮೆ.

ಹೆಡ್ಡು ತೆಗೆದು ವರ್ನಿಯರ್ ಇಟ್ಟಾಗ ಬಂದದ್ದು 90.4. ಇಷ್ಟಕ್ಕೇ 235 ಎಂದು ಬರೆದು ಏಳುವವರಿದ್ದಾರೆ, ಹಳೆಯ ಇಂಜಿನ್ನಿನ ವ್ಯವಹಾರಗಳಲ್ಲಿ ಅತಿ ಹೆಚ್ಚು ಗೊಂದಲವಾಗುವುದೂ ಇಲ್ಲೇ ಎಂಬುದು ನನ್ನ ಅನಿಸಿಕೆ. ಸಿಲಿಂಡರು ಸವೆದಾಗ ಅದನ್ನು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕುವುದು ನಮ್ಮಲ್ಲಿ ಸರ್ವೇಸಾಮಾನ್ಯ, ಮೊದಲು ಮೂವತ್ತು ಥೌ (ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ), ಆಮೇಲೆ ನಲವತ್ತು, ಕೊನೆಗೆ ಅರವತ್ತು. ಮೂರೂವರೆ ಇಂಚಿಗೆ ಅರವತ್ತು ಥೌ ಕೂಡಿಸಿದರೆ 3.560 ಇಂಚು, ಅದಕ್ಕೂ 235ರ ಹೊಸ ಬೋರಿಗೂ ಇರುವ ಅಂತರ ಎರಡೂವರೆ ಥೌ ಮಾತ್ರ, ಅದು ಸವೆತದಲ್ಲೇ ಮುಚ್ಚಿಹೋಗುತ್ತದೆ. ಬೋರು ಹೀಗೆ ಬೆಳೆಯುತ್ತದೆ, ಸ್ಟ್ರೋಕು, ಅಂದರೆ ಪಿಸ್ಟನ್ ಏರಿಳಿಯುವ ದೂರ, ಬೆಳೆಯುವುದಿಲ್ಲ. ಅದು ಕ್ರ್ಯಾಂಕಿನಲ್ಲಿ ನಿಗದಿಯಾದದ್ದು: 216ರಲ್ಲಿ 3.75 ಇಂಚು, 235ರಲ್ಲಿ 3.9375 ಇಂಚು. ಮಿಲಿಮೀಟರಿನಲ್ಲಿ 95.25 ಮತ್ತು 100. ಇಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ.

ಆದರೆ ಸ್ಟ್ರೋಕು ಅಳೆಯಲು ಪಿಸ್ಟನ್ ಮೇಲಿನ ತುದಿಗೂ ಹೋಗಬೇಕು, ಕೆಳಗಿನ ತುದಿಗೂ ಹೋಗಬೇಕು, ಇದು ತುಕ್ಕಿನಿಂದ ಹಿಡಿದು ಕೂತಿತ್ತು. ಆರು ಸಿಲಿಂಡರಿನಲ್ಲಿ 1 ಮತ್ತು 6, 2 ಮತ್ತು 5, 3 ಮತ್ತು 4 ಜೋಡಿಯಾಗಿ ಏರಿಳಿಯುತ್ತವೆ, ಜೋಡಿಗಳ ನಡುವೆ 120 ಡಿಗ್ರಿಯ ಅಂತರವಿರುವುದರಿಂದ ಒಂದು ಜೋಡಿ ಮೇಲಿದ್ದಾಗ ಇನ್ನೊಂದು ಪೂರ್ತಿ ಕೆಳಗಿರುವುದಿಲ್ಲ, ತಿರುಗಿಸದೆ ಗತ್ಯಂತರವಿಲ್ಲ. ಸಿಲಿಂಡರುಗಳಿಗೆ ಚಿಮಣಿ ಎಣ್ಣೆ ಮತ್ತು ಗೇರ್ ಎಣ್ಣೆ ಬೆರೆಸಿ ತುಂಬಿಸಿ, ಅವಸರ ಮಾಡದೆ ಬಿಟ್ಟು, ಆಮೇಲೆ ಮುಂದಿನ ಪುಲಿಯ ನಟ್ಟಿಗೆ ಉದ್ದನೆಯ ಹಿಡಿಕೆ ಹಾಕಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಸಡಿಲಿಸಿದಾಗ ಅದು ತಿರುಗಿತು. ಡೆಪ್ತ್ ಗೇಜು ತೋರಿಸಿದ್ದು 95 ಮಿಲಿಮೀಟರಿನ ಮೇಲೆ ಒಂದು ಚೂರು. ಪಿಸ್ಟನ್ನಿನ ತಲೆಯ ಮೇಲಿನ ಕರಕನ್ನು ಮರದ ಚೂರಿನಿಂದ ಕೆರೆದಾಗ 060 ಎಂಬ ಒತ್ತಿದ ಗುರುತೂ ಸಿಕ್ಕಿತು. ಅಲ್ಲಿಗೆ ಇದು ಅರವತ್ತು ಥೌ ಬೋರಾದ 216. (ಹಳೆಯ ಕಾಗದಗಳಲ್ಲಿ ಈ ಇಂಜಿನ್ನಿನ ಅಶ್ವಶಕ್ತಿ 29.4 ಎಂದು ಕಂಡರೆ ಗಾಬರಿಯಾಗಬೇಕಿಲ್ಲ. ಅದು ಬೋರಿನ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ 2.5ರಿಂದ ಭಾಗಿಸಿ ತೆರಿಗೆಗಾಗಿ ಬರೆದ ಲೆಕ್ಕ. ನಿಜವಾದ ಶಕ್ತಿ 1937ರಲ್ಲಿ 85, 1941ರಿಂದ 90.)

ಇನ್ನು 1942 ಅಥವಾ 1952. 216 ಎರಡೂ ವರ್ಷಗಳಲ್ಲಿ ತಯಾರಾಗುತ್ತಿದ್ದುದರಿಂದ ಕಬ್ಬಿಣ ಇದಕ್ಕೆ ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟದ್ದು ಅದೇ ಮನೆಯ ಹಳೆಯ ಕಿರ್ದಿ ವಹಿ. ನಮ್ಮ ಭಾಗದ ಅನೇಕ ಹಳೆಯ ಲೆಕ್ಕಗಳಂತೆ ಅದೂ ಮರಾಠಿ ಬರೆಯಲು ಬಳಸುತ್ತಿದ್ದ ಹಳೆಯ ಮೋಡಿ ಲಿಪಿಯಲ್ಲಿತ್ತು, ಓದಲು ಬರುವ ಹಿರಿಯರೊಬ್ಬರನ್ನು ಬೆಳಗಾವಿಯಲ್ಲಿ ಹುಡುಕಿ ತೋರಿಸಬೇಕಾಯಿತು. ಶಕೆ 1871ರ ಕಾರ್ತೀಕದ ಪುಟದಲ್ಲಿ ಗಾಣಕ್ಕೆಂದು ‘ಮೋಟಾರಿನ ಇಂಜಿನ್’ ಕೊಂಡ ಖರ್ಚು ದಾಖಲಾಗಿತ್ತು. ಆ ಶಕೆಯ ಕಾರ್ತೀಕ ಅಂದರೆ 1949ರ ಅಕ್ಟೋಬರ್-ನವೆಂಬರ್. ಆ ಮನೆಯಲ್ಲಿ ಬೇರೆ ಇಂಜಿನ್ ಇದ್ದುದು ಯಾರ ನೆನಪಿನಲ್ಲೂ ಇಲ್ಲ, ವಹಿಗಳಲ್ಲೂ ಮತ್ತೊಂದು ಖರೀದಿ ಕಾಣಲಿಲ್ಲ. 1949ರಲ್ಲಿ ಕೊಂಡದ್ದು 1952ರಲ್ಲಿ ಎರಕವಾಗಿರಲು ಸಾಧ್ಯವಿಲ್ಲ.

ಹಾಗಾದರೆ 1942ರ ನವೆಂಬರ್ 12. ಈ ತಾರೀಖಿಗೆ ಒಂದು ಮಹತ್ವವಿದೆ. ಯುದ್ಧದ ಕಾರಣ ಅಮೆರಿಕದಲ್ಲಿ ನಾಗರಿಕರಿಗಾಗಿ ಕಾರು ಮಾಡುವುದು ಆ ವರ್ಷದ ಫೆಬ್ರವರಿಗೇ ನಿಂತಿತ್ತು; ಶೆವರ್ಲೆಯ ಕೊನೆಯ ಕಾರು ಜನವರಿ 30ರಂದು ಹೊರಬಿದ್ದಿತ್ತು. ಆಮೇಲೆ ಎರಕವಾದ ಬ್ಲಾಕುಗಳು ಹೋದದ್ದು ಸೇನೆಯ ಲಾರಿಗಳಿಗೆ, ಇಲ್ಲವೇ ಬದಲಿ ಇಂಜಿನ್ನುಗಳ ಪೆಟ್ಟಿಗೆಗಳಿಗೆ. ಕೆನಡಾ ಒಂದೇ ಆ ಯುದ್ಧದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಸೇನಾ ವಾಹನಗಳನ್ನು ಮಾಡಿತು, ಅದರಲ್ಲಿನ ಶೆವರ್ಲೆ ಲಾರಿಗಳ ಇಂಜಿನ್ ಇದೇ 216. ಭಾರತಕ್ಕೆ ಬಂದವುಗಳಲ್ಲಿ ಉಳಿದವನ್ನು ಯುದ್ಧ ಮುಗಿದ ಮೇಲೆ ಹರಾಜು ಹಾಕಿದಾಗ ಅವು ಬಸ್ಸಾದವು, ಸರಕಿನ ಲಾರಿಯಾದವು, ಕೆಲವು ಬಾವಿಯ ಪಂಪಿಗೂ ಗಾಣಕ್ಕೂ ಬಂದವು.

ಇದನ್ನೆಲ್ಲ ಹೇಳಿದಾಗ ಮನೆಯ ಅಜ್ಜ ಬಹಳ ಹೊತ್ತು ಬ್ಲಾಕನ್ನೇ ನೋಡಿ, “ಹಂಗಾರ ರಾಜಾರ ಕಾರ್ ಎಲ್ಲಿ ಹೋತಪಾ ತಮ್ಮಾ?” ಎಂದರು. ನ್ಯಾಯವಾದ ಪ್ರಶ್ನೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕಲು ನನ್ನ ಬಳಿಯೂ ಆಧಾರವಿಲ್ಲ. ಹಳೆಯ ಕಾರೊಂದರ ಇಂಜಿನ್ ಕೆಟ್ಟಾಗ ಯುದ್ಧದ ಬದಲಿ ಇಂಜಿನ್ ಹಾಕಿ, ಕಾರಿನ ಹಳೆಯ ನಂಬರನ್ನು ಇದರ ದಿಂಡಿನ ಮೇಲೆ ಹೊಡೆದು, ಆ ಕಾರು ಹರಾಜಾದಾಗ ಇಂಜಿನ್ ಗಾಣಕ್ಕೆ ಬಂದಿದ್ದರೆ ಎಲ್ಲವೂ ಹೊಂದಿಕೊಳ್ಳುತ್ತದೆ. ಅರ ಹಾಕಿದ ದಿಂಡು ಅತ್ತ ಕೈತೋರುತ್ತದೆ ಎಂದೂ ವಾದಿಸಬಹುದು. ಆದರೆ ವಾದಿಸಬಹುದಾದದ್ದನ್ನೂ ಅಳೆದು ತೋರಿಸಿದ್ದನ್ನೂ ಒಂದೇ ಸಾಲಿನಲ್ಲಿ ಬರೆದು ಮಾರುವುದು ತಪ್ಪು ಎಂದು ಮೊಮ್ಮಗನಿಗೆ ಹೇಳಿದೆ, ಅಜ್ಜನೂ ತಲೆಯಾಡಿಸಿದರು.

ಕೊಳ್ಳುವವರಿಗೆ ಕೊಡುವ ಕಾಗದದಲ್ಲಿ ಬರೆದದ್ದು ಹೀಗೆ: ಶೆವರ್ಲೆ ಆರು ಸಿಲಿಂಡರು, 216 ಘನ ಇಂಚು, ನಾಲ್ಕು ಮೇನ್ ಬೇರಿಂಗು, ಬೋರು ಅರವತ್ತು ಥೌ ಹೆಚ್ಚು, ಎರಕದ ಗುರುತು ಕೆ 12 2, ಒತ್ತಿದ ನಂಬರು ಮೂಲದ್ದಲ್ಲ, ಕಾರ್ಬುರೇಟರು ಮತ್ತು ಡೈನಮೊ ಆಮೇಲಿನವು. ನಂಬರು ಮೂಲದ್ದಲ್ಲ ಎಂಬ ಮಾತು ಬೆಲೆಯನ್ನು ಇಳಿಸುತ್ತದೆ ಎಂದು ಗೊತ್ತಿದ್ದೂ ಅದನ್ನು ಬಿಡುವಂತಿರಲಿಲ್ಲ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಲು ಅದು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. 1934ರ ಮಾಸ್ಟರ್ ಕಾರಿಗೆ ಬೇಕಾದದ್ದು ಮೂರು ಬೇರಿಂಗಿನ, 206 ಘನ ಇಂಚಿನ ಇಂಜಿನ್. ಇದನ್ನು ಅದರಲ್ಲಿ ಕೂರಿಸಿ ಓಡಿಸಬಹುದು, ಮೂಲ ಎಂದು ಹೇಳಲಾಗದು. ಕೊಲ್ಹಾಪುರದವರು ಕಾಗದ ಓದಿ, ತಮಗೆ ಬೇಡ, ಆದರೆ ಯುದ್ಧಕಾಲದ ಲಾರಿ ಕಟ್ಟುತ್ತಿರುವ ಪುಣೆಯ ಗೆಳೆಯರಿಗೆ ಇದೇ ಬೇಕಾಗಿದೆ, ಎರಕದ ದಿನಾಂಕದ ಫೋಟೊವನ್ನು ಸ್ಕ್ರೂ ಗುರುತು ಕಾಣುವಂತೆ ಓರೆ ಬೆಳಕಿನಲ್ಲಿ ತೆಗೆದು ಕಳಿಸಿ ಎಂದರು. ಗುಜರಿಯವನು ಹೇಳಿದ್ದಕ್ಕಿಂತ ಬಹಳ ಹೆಚ್ಚಿನ ಬೆಲೆಗೆ ಮಾತು ನಡೆದಿದೆ. ಬ್ಲಾಕಿನಲ್ಲಿ ನೀರಿನ ಕಡೆ ಸೀಳು ಇದೆಯೇ ಎಂದು ಪ್ರೆಶರ್ ಹಾಕಿ ನೋಡಿದ ಮೇಲೆ ಬಾಕಿ ಹಣ ಎಂದು ಅವರು ಕೇಳಿರುವುದೂ ಸರಿಯಾಗಿಯೇ ಇದೆ, ಆ ಪರೀಕ್ಷೆಯನ್ನು ಉದ್ಯಮಬಾಗದಲ್ಲೇ ಮಾಡಿಸುವುದೆಂದು ಒಪ್ಪಂದವಾಗಿದೆ.